ನಾಲೆಯ ಕೊನೆಗೆ ನೀರು: ವಿದೇಶಿ ಬಂಡವಾಳ, ಫೈಬರ್ ಮತ್ತು ನಮ್ಮ ಊರಿನ ಸೇವಾ ರಫ್ತು

(ದಾವಣಗೆರೆಯ ಪದವಿ ಕಾಲೇಜೊಂದರಲ್ಲಿ ವಾಣಿಜ್ಯ ಮತ್ತು ಅರ್ಥಶಾಸ್ತ್ರ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಪುನರುಕ್ತಿ ತೆಗೆದಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಮುಖ್ಯವೆನಿಸಿದಷ್ಟನ್ನು ಉಳಿಸಿಕೊಂಡಿದ್ದೇನೆ.)

ಹಿರಿಯರೇ, ವಿದ್ಯಾರ್ಥಿ ಮಿತ್ರರೇ,

ನಾನು ಭದ್ರಾ ನಾಲೆಯ ಕೊನೆ ಭಾಗದವನು. ಹರಿಹರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ, ಲಕ್ಕವಳ್ಳಿ ಡ್ಯಾಮು ತುಂಬಿತೆಂಬ ಸುದ್ದಿ ಬಂದ ದಿನ ಯಾರೂ ಹಿಗ್ಗುತ್ತಿರಲಿಲ್ಲ. ಡ್ಯಾಮಿನ ನೀರು ನಾಲೆಗೆ ಬರಬೇಕು, ನಾಲೆಯಿಂದ ವಿತರಣಾ ನಾಲೆಗೆ ತಿರುಗಬೇಕು, ಅಲ್ಲಿಂದ ತೂಬಿಗೆ, ತೂಬಿನಿಂದ ಹೊಲಗಾಲುವೆಗೆ. ದಾರಿಯುದ್ದಕ್ಕೂ ಪಂಪ್‌ಸೆಟ್ ಇಟ್ಟು ಎತ್ತಿಕೊಳ್ಳುವವರು ಬೇರೆ. ಅಪ್ಪ ರಾತ್ರಿಯೆಲ್ಲ ಕಂದೀಲು ಹಿಡಿದು ತೂಬಿನ ಹತ್ತಿರ ಕೂತಿರುತ್ತಿದ್ದರು. ಬೆಳಿಗ್ಗೆ ಅವರ ಕಾಲು ಒದ್ದೆಯಾಗಿದ್ದರೆ ನೀರು ಬಂತು ಅಂತ ಅಮ್ಮನಿಗೆ ಗೊತ್ತಾಗುತ್ತಿತ್ತು.

ಅಭಿವೃದ್ಧಿಶೀಲ ದೇಶಗಳ ಸೇವಾ ರಫ್ತಿನ ಮೇಲೆ ವಿದೇಶಿ ಬಂಡವಾಳ ಮತ್ತು ಡಿಜಿಟಲ್ ಸೌಕರ್ಯ ಏನು ಪರಿಣಾಮ ಮಾಡುತ್ತವೆ ಎಂಬ ವಿಷಯ ಕೊಟ್ಟು ನನ್ನನ್ನು ಕರೆದಿದ್ದೀರಿ. ಮೂವತ್ತು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದ ಮೇಲೂ ಈ ವಿಷಯ ಎತ್ತಿದಾಗಲೆಲ್ಲ ನನ್ನ ಕಣ್ಣ ಮುಂದೆ ಆ ತೂಬೇ ಬರುತ್ತದೆ. ದೊಡ್ಡ ವಿದೇಶಿ ಕಂಪನಿ ನಾಲೆಗೆ ಕಾಯುವುದಿಲ್ಲ, ತನ್ನ ಬೋರ್‌ವೆಲ್ಲನ್ನು ತಾನೇ ಕೊರೆಸಿಕೊಳ್ಳುತ್ತದೆ. ನಾಲೆ ಬೇಕಾಗಿರುವುದು ಸಣ್ಣವರಿಗೆ. ಈ ಮಾತನ್ನು ನಿಮಗೆ ಮನದಟ್ಟು ಮಾಡಿಸಬೇಕು ಎಂದುಕೊಂಡೇ ಬಂದಿದ್ದೇನೆ.

ಮೊದಲು ಸೇವಾ ರಫ್ತು ಅಂದರೆ ಏನು ಅಂತ ನೋಡೋಣ. ಮೆಕ್ಕೆಜೋಳ ರಫ್ತಾದರೆ ಲಾರಿ ಕಾಣುತ್ತದೆ, ಚೀಲ ಕಾಣುತ್ತದೆ. ಸೇವೆಗೆ ಚೀಲವಿಲ್ಲ. 1995ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ಸೇವಾ ವ್ಯಾಪಾರ ಒಪ್ಪಂದ ಇದಕ್ಕೆ ನಾಲ್ಕು ದಾರಿ ಗುರುತಿಸಿತು. ವಿದ್ಯಾನಗರದ ಮನೆಯಲ್ಲಿ ಕೂತ ಹುಡುಗಿ ಆಸ್ಟ್ರೇಲಿಯಾದ ಅಂಗಡಿಯ ಲೆಕ್ಕ ಬರೆದು ಕಳಿಸಿದರೆ ಅದು ಮೊದಲನೆಯದು, ಸೇವೆ ಮಾತ್ರ ಗಡಿ ದಾಟುತ್ತದೆ. ಹೊರದೇಶದ ಹುಡುಗ ನಮ್ಮೂರಿಗೆ ಬಂದು ವೈದ್ಯಕೀಯ ಓದಿದರೆ ಎರಡನೆಯದು. ಒಂದು ಕಂಪನಿ ಇನ್ನೊಂದು ದೇಶದಲ್ಲಿ ಕಚೇರಿ ತೆರೆದರೆ ಮೂರನೆಯದು. ನಮ್ಮ ನರ್ಸ್ ಕೊಲ್ಲಿ ದೇಶಕ್ಕೆ ಹೋಗಿ ದುಡಿದರೆ ನಾಲ್ಕನೆಯದು. ಮೂರನೆಯ ದಾರಿಯಲ್ಲಿ ಒಳಗೆ ಬಂದ ಬಂಡವಾಳ ಮೊದಲನೆಯ ದಾರಿಯಲ್ಲಿ ಹೊರಗೆ ಹೋಗುವ ಸೇವೆಯನ್ನು ಹೇಗೆ ಹೆಚ್ಚಿಸುತ್ತದೆ ಎಂಬುದಷ್ಟೇ ಇವತ್ತಿನ ಮಾತು.

ಇದೇನೂ ಸಣ್ಣ ಮೊತ್ತದ ವ್ಯವಹಾರವಲ್ಲ. 2024-25ರಲ್ಲಿ ಭಾರತದ ಸರಕು ರಫ್ತು ಸುಮಾರು 437 ಬಿಲಿಯನ್ ಡಾಲರ್, ಸೇವಾ ರಫ್ತು ಸುಮಾರು 387 ಬಿಲಿಯನ್. ಕಣ್ಣಿಗೆ ಕಾಣದ ಸರಕು ಕಾಣುವ ಸರಕಿನ ಭುಜಕ್ಕೆ ಭುಜ ತಾಗಿಸಿ ನಿಂತಿದೆ. ಸರಕು ವ್ಯಾಪಾರದಲ್ಲಿ ನಮಗಾದ ಕೊರತೆಯ ಅರ್ಧಕ್ಕಿಂತ ಹೆಚ್ಚನ್ನು ಸೇವೆಗಳ ಹೆಚ್ಚುವರಿಯೇ ತುಂಬಿಕೊಟ್ಟಿತು. ಪೆಟ್ರೋಲ್ ಬಂಕಿನಲ್ಲಿ ನಾವು ಹಾಕಿಸಿಕೊಳ್ಳುವ ಎಣ್ಣೆಗೆ ಡಾಲರ್ ಹೊಂದಿಸಿಕೊಡುತ್ತಿರುವವರಲ್ಲಿ ರಾತ್ರಿ ಪಾಳಿಯಲ್ಲಿ ಕಂಪ್ಯೂಟರ್ ಮುಂದೆ ಕೂತ ನಿಮ್ಮಂಥ ಮಕ್ಕಳೂ ಇದ್ದಾರೆ.

ಹಾಗಾದರೆ ವಿದೇಶಿ ಬಂಡವಾಳ ಯಾಕೆ ಬೇಕು? ನಮ್ಮ ಮಕ್ಕಳಿಗೆ ಕೆಲಸ ಗೊತ್ತು, ನೆಟ್ ಇದೆ, ನೇರವಾಗಿ ಮಾರಿಕೊಳ್ಳಬಹುದಲ್ಲ?

ಇದಕ್ಕೆ ಉತ್ತರ ನಮ್ಮ ಎಪಿಎಂಸಿಯಲ್ಲಿದೆ. ರೈತ ಜೋಳ ತಂದು ಸುರಿದರೆ ವರ್ತಕ ಒಂದು ಹಿಡಿ ಎತ್ತಿ ನೋಡುತ್ತಾನೆ, ಕಾಳು ಕಚ್ಚಿ ತೇವ ಹೇಳುತ್ತಾನೆ. ಬೆಲೆ ಆಮೇಲೆ. ಲೆಕ್ಕ ಬರೆಯುವ ಕೆಲಸವನ್ನೋ ಆಸ್ಪತ್ರೆ ಬಿಲ್ಲಿನ ಕೆಲಸವನ್ನೋ ಕಚ್ಚಿ ನೋಡಲು ಬರುವುದಿಲ್ಲ. ಕೊಂಡ ಮೇಲೆಯೇ ಗುಣ ಗೊತ್ತಾಗುವುದು. ಹನ್ನೆರಡು ಸಾವಿರ ಕಿಲೋಮೀಟರ್ ದೂರದಲ್ಲಿರುವ, ಹೆಸರೇ ಕೇಳದ ಊರಿನವರಿಗೆ ಯಾವನು ತನ್ನ ಗಿರಾಕಿಗಳ ದಾಖಲೆ ಕೊಟ್ಟಾನು? ಅದಕ್ಕೇ ಕಂಪನಿ ತನ್ನದೇ ಶಾಖೆ ತೆರೆದು ಆ ಶಾಖೆಯಿಂದ ತಾನೇ ಸೇವೆ ಕೊಳ್ಳುತ್ತದೆ. ನಂಬಿಕೆಯ ಪ್ರಶ್ನೆ ಮನೆಯೊಳಗೇ ಬಗೆಹರಿಯುತ್ತದೆ. ವಿದೇಶಿ ಬಂಡವಾಳದ ಜೊತೆ ಬರುವ ದೊಡ್ಡ ಆಸ್ತಿ ದುಡ್ಡಲ್ಲ, ಗಿರಾಕಿ. ಕೆಲವು ವರ್ಷ ಕಳೆದ ಮೇಲೆ ಆ ಶಾಖೆಯಲ್ಲಿ ಕೆಲಸ ಕಲಿತವರು ಹೊರಗೆ ಬಂದು ಸ್ವಂತ ಕಚೇರಿ ತೆರೆಯುತ್ತಾರೆ. ಆಗ ಅವರ ಬೆನ್ನಿಗೆ 'ಇವನು ಇಂಥಲ್ಲಿ ಇದ್ದವನು' ಎಂಬ ಹೆಸರು ಇರುತ್ತದೆ. ನಮ್ಮಲ್ಲಿ ಅಡ್ತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರೇ ಮುಂದೆ ಅಂಗಡಿ ಇಟ್ಟದ್ದನ್ನು ನೋಡಿದ್ದೇವೆ, ಅದೇ ಥರ.

ಬೆಂಗಳೂರಿನ ಕಥೆ ಹೀಗೆಯೇ ಶುರುವಾಯಿತು. 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅಲ್ಲಿ ಕೇಂದ್ರ ತೆರೆಯಿತು. ಆಗ ಮನೆಗೆ ಫೋನ್ ಬೇಕೆಂದು ಅರ್ಜಿ ಹಾಕಿದರೆ ವರ್ಷಗಟ್ಟಲೆ ಕಾಯಬೇಕಿತ್ತು. ಅಮೆರಿಕಕ್ಕೆ ವಿನ್ಯಾಸ ಕಳಿಸುವುದಕ್ಕೆ ಆ ಕಂಪನಿ ಸರ್ಕಾರದ ವಿಶೇಷ ಅನುಮತಿ ಪಡೆದು ಉಪಗ್ರಹ ಸಂಪರ್ಕವನ್ನೇ ಹಾಕಿಸಿಕೊಂಡಿತು. ಆ ಉಪಕರಣ ಎತ್ತಿನಗಾಡಿಯಲ್ಲಿ ಬಂತೆಂದು ಈಗಲೂ ಹೇಳುತ್ತಾರೆ. ಅದರ ವೇಗ ಸೆಕೆಂಡಿಗೆ 64 ಕಿಲೋಬಿಟ್. ಇವತ್ತು ನಿಮ್ಮ ಜೇಬಿನ ಫೋನು ಅದಕ್ಕಿಂತ ನೂರಾರು ಪಟ್ಟು ಹೆಚ್ಚು ಎಳೆಯುತ್ತದೆ. ನಾನು ಬೋರ್‌ವೆಲ್ ಅಂದದ್ದು ಇದಕ್ಕೇ. ಶಕ್ತಿ ಇತ್ತು, ಕೊರೆಸಿಕೊಂಡರು.

ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೇ ನಿಲ್ಲಿಸಿ, ವಿದೇಶಿ ಕಂಪನಿ ಬಂತು, ಬೆಂಗಳೂರು ಬೆಳೆಯಿತು ಅಂದುಬಿಡುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಆರು ವರ್ಷದ ನಂತರ ಆದದ್ದು. 1991ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ, ಎಸ್‌ಟಿಪಿಐ, ಎಂಬ ಸಂಸ್ಥೆ ಕಟ್ಟಿತು. ಸರ್ಕಾರವೇ ಭೂಕೇಂದ್ರ ಹಾಕಿ ಉಪಗ್ರಹ ಸಂಪರ್ಕವನ್ನು ತುಂಡು ತುಂಡಾಗಿ ಬಾಡಿಗೆಗೆ ಕೊಟ್ಟಿತು. ಇಪ್ಪತ್ತು ಜನರ ಕಂಪನಿಯೂ ತನ್ನ ಪಾಲಿನ ಸಂಪರ್ಕ ಪಡೆದು ಬಾಸ್ಟನ್ನಿನ ಗಿರಾಕಿಗೆ ಕೆಲಸ ಕಳಿಸಬಹುದಾಯಿತು. ಕೊರೆಸಲು ಶಕ್ತಿ ಇಲ್ಲದವರಿಗೆ ಸಿಕ್ಕ ಮೊದಲ ನಾಲೆ ಅದು. ಬಂಡವಾಳ ಹೆಸರು ತಂದಿತು, ಆ ಹೆಸರಿನ ಲಾಭ ನಮ್ಮವರಿಗೆ ತಲುಪಿದ್ದು ಎಲ್ಲರಿಗೂ ತೆರೆದ ಸಂಪರ್ಕದಿಂದ. ಎರಡರಲ್ಲಿ ಒಂದೇ ಇದ್ದಿದ್ದರೆ ಇಷ್ಟು ಆಗುತ್ತಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 1995ರ ಆಗಸ್ಟ್ 15ರಂದು ಹೊರದೇಶದ ಸಂಪರ್ಕ ನೋಡಿಕೊಳ್ಳುತ್ತಿದ್ದ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಿತು. 1999ರ ದೂರಸಂಪರ್ಕ ನೀತಿ ಬಂತು. 2002ರಲ್ಲಿ ಹೊರದೇಶದ ಕರೆಗಳ ಮೇಲೆ ವಿಎಸ್‌ಎನ್‌ಎಲ್‌ಗೆ ಇದ್ದ ಏಕಸ್ವಾಮ್ಯ ಮುಗಿಯಿತು. ದರ ಇಳಿಯಿತು, ಕಾಲ್ ಸೆಂಟರ್‌ಗಳು ಎದ್ದವು. 2016ರಲ್ಲಿ ಜಿಯೋ ಬಂದ ಮೇಲಿನದು ನಿಮಗೇ ಗೊತ್ತು.

ಲೆಕ್ಕ ಹಾಕಿ ನೋಡಿದವರೂ ಇದ್ದಾರೆ. ಕ್ಯಾರೊಲಿನ್ ಫ್ರಾಯಿಂಡ್ ಮತ್ತು ಡಯಾನಾ ವೈನ್‌ಹೋಲ್ಡ್ ಎಂಬ ಅರ್ಥಶಾಸ್ತ್ರಜ್ಞೆಯರು 2002ರಲ್ಲಿ ತೋರಿಸಿದ್ದು ಇದು: ಒಂದು ದೇಶದಲ್ಲಿ ಅಂತರ್ಜಾಲದ ಹರಡುವಿಕೆ ಹೆಚ್ಚಿದರೆ ಅಲ್ಲಿಂದ ಅಮೆರಿಕಕ್ಕೆ ಹೋಗುವ ಸೇವಾ ರಫ್ತಿನ ಬೆಳವಣಿಗೆ ದರವೂ ಏರುತ್ತದೆ. ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ಯೋನಾಸ್ ಹ್ಯೋರ್ಟ್ ಮತ್ತು ಯೋನಾಸ್ ಪೌಲ್ಸೆನ್ 2019ರಲ್ಲಿ ಪ್ರಕಟಿಸಿದ ಆಫ್ರಿಕಾ ಕುರಿತ ಅಧ್ಯಯನ. ಸಮುದ್ರದಡಿಯ ಕೇಬಲ್ ದಡ ಮುಟ್ಟಿದಾಗ ಒಳನಾಡಿನಲ್ಲಿ ಮೊದಲೇ ತಂತಿ ಹಾಯಿಸಿಕೊಂಡಿದ್ದ ಊರುಗಳಿಗೆ ವೇಗ ಸಿಕ್ಕಿತು, ಇಲ್ಲದವಕ್ಕೆ ಸಿಗಲಿಲ್ಲ. ಈ ಎರಡು ಬಗೆಯ ಊರುಗಳನ್ನು ಅವರು ಹೋಲಿಸಿದರು. ವೇಗ ಸಿಕ್ಕಲ್ಲಿ ಉದ್ಯೋಗ ಹೆಚ್ಚಿತು, ಕಡಿಮೆ ಓದಿದವರಿಗೂ ಹೆಚ್ಚಿತು. ಅಕ್ಕಪಕ್ಕದ ಊರಿನ ಕೆಲಸ ಕಿತ್ತುಕೊಂಡು ಹೆಚ್ಚಿದ್ದೂ ಅಲ್ಲ. ಕೇಬಲ್ ಬಂದ ದಿನ ಯಾರ ಹತ್ತಿರ ಹೊಲಗಾಲುವೆ ತೋಡಿಟ್ಟಿತ್ತೋ ಅವರಿಗೆ ನೀರು. ಓದುವಾಗ ನನಗೆ ನಮ್ಮ ಹಳ್ಳಿಯೇ ಕಂಡಿತು.

ಬೇರೆ ದೇಶಗಳ ಕಡೆ ಸ್ವಲ್ಪ ನೋಡೋಣ. ಫಿಲಿಪ್ಪೀನ್ಸ್ 1995ರಲ್ಲಿ ದೂರಸಂಪರ್ಕವನ್ನು ಸ್ಪರ್ಧೆಗೆ ತೆರೆಯುವ ಕಾನೂನು ಮಾಡಿತು. ಅದೇ ವರ್ಷ ವಿದೇಶಿ ಕಂಪನಿಗಳಿಗೆ ವಿಶೇಷ ವಲಯಗಳ ಪ್ರಾಧಿಕಾರವನ್ನೂ ಕಟ್ಟಿತು. ಬಂಡವಾಳದ ಬಾಗಿಲು, ತಂತಿಯ ಬಾಗಿಲು ಎರಡನ್ನೂ ಒಟ್ಟಿಗೆ ತೆಗೆದರು. ಇವತ್ತು ಅಲ್ಲಿ ಹೊರದೇಶದ ಕಂಪನಿಗಳಿಗೆ ಕಾಲ್ ಸೆಂಟರ್, ಕಂಪ್ಯೂಟರ್ ಸೇವೆ ಒದಗಿಸುವ ಕ್ಷೇತ್ರದಲ್ಲಿ 17 ಲಕ್ಷಕ್ಕೂ ಹೆಚ್ಚು ಜನ ದುಡಿಯುತ್ತಾರೆ. ನಮಗೆ ಪಾಠ ಇರುವುದು ಮನಿಲಾದಲ್ಲಲ್ಲ, ಇಲೋಯ್ಲೋ, ಬಕೋಲೋಡ್, ದಾವಾವ್‌ನಂಥ ಎರಡನೇ ಸಾಲಿನ ಊರುಗಳಲ್ಲಿ. ಬಕೋಲೋಡ್ ಕಬ್ಬಿನ ಸೀಮೆ. ಅಂಥ ಊರುಗಳಿಗೆ ಕೆಲಸ ತಾನಾಗಿ ಹರಿದು ಹೋಗಲಿಲ್ಲ. ಅಲ್ಲಿನ ಸರ್ಕಾರ ಮತ್ತು ಉದ್ಯಮ ಸಂಘ ಸೇರಿ ಊರೂರಿನ ಸಂಪರ್ಕ, ವಿದ್ಯುತ್ತು, ಕಾಲೇಜುಗಳನ್ನು ಅಳೆದು, ಯಾವ ಊರು ತಯಾರಾಗಿದೆ ಎಂದು ಪಟ್ಟಿ ಮಾಡಿ ಹೂಡಿಕೆದಾರರಿಗೆ ತೋರಿಸಿದವು.

ಕೋಸ್ಟರಿಕಾ ಇನ್ನೊಂದು. ಆ ದೇಶದ ಜನಸಂಖ್ಯೆ ಸುಮಾರು 50 ಲಕ್ಷ. ನಮ್ಮ ದಾವಣಗೆರೆ, ಚಿತ್ರದುರ್ಗ, ಶಿವಮೊಗ್ಗ ಮೂರು ಜಿಲ್ಲೆ ಸೇರಿದರೆ 2011ರ ಜನಗಣತಿಯಂತೆ 53 ಲಕ್ಷ ದಾಟುತ್ತದೆ. ಅಷ್ಟು ಸಣ್ಣ ದೇಶಕ್ಕೆ 1990ರ ದಶಕದ ಕೊನೆಯಲ್ಲಿ ಇಂಟೆಲ್ ಚಿಪ್ ಜೋಡಿಸುವ ಕಾರ್ಖಾನೆ ಹಾಕಿತು. 2014ರಲ್ಲಿ ಆ ಜೋಡಣೆ ಕೆಲಸವನ್ನು ಏಷ್ಯಾಕ್ಕೆ ಸಾಗಿಸಿ ಸಾವಿರಕ್ಕೂ ಹೆಚ್ಚು ಜನರನ್ನು ಬಿಟ್ಟಿತು. ಆದರೆ ವಿನ್ಯಾಸ, ಲೆಕ್ಕಪತ್ರ, ಸೇವೆಗಳ ವಿಭಾಗವನ್ನು ಅಲ್ಲೇ ಉಳಿಸಿತು, ಬೆಳೆಸಿತು. ಯಂತ್ರ ಎತ್ತಿಕೊಂಡು ಹೋಗುವುದು ಸುಲಭ, ಪಳಗಿದ ಜನರನ್ನು ಎತ್ತಿಕೊಂಡು ಹೋಗುವುದು ಕಷ್ಟ. ನಮ್ಮ ಊರಿಗೆ ಈ ಮಾತು ಚೆನ್ನಾಗಿ ಅರ್ಥವಾಗಬೇಕು. 'ಕರ್ನಾಟಕದ ಮ್ಯಾಂಚೆಸ್ಟರ್' ಎಂದು ಕರೆಸಿಕೊಂಡ ಊರು ಇದು. ಇಲ್ಲಿ ಕೂತಿರುವ ಎಷ್ಟೋ ಮಕ್ಕಳ ಅಜ್ಜಂದಿರು ಹತ್ತಿ ಮಿಲ್ಲಿನ ಸೈರನ್ನಿಗೆ ಏಳುತ್ತಿದ್ದರು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳು ದೇಶವೆಲ್ಲ ಹೋಗುತ್ತಿದ್ದವು. ಆ ಮಿಲ್ಲು, ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಆ ಕೈಗಳು ಕಲಿತದ್ದನ್ನು ಇನ್ನೊಂದು ಕೆಲಸಕ್ಕೆ ತಿರುಗಿಸುವ ವ್ಯವಸ್ಥೆಯನ್ನು ನಾವು ಮಾಡಲಿಲ್ಲ. ಆ ನೋವು ನನಗೆ ಇನ್ನೂ ಇದೆ.

ಈಗ ಎಚ್ಚರಿಕೆಯ ಮಾತು. ವಿದೇಶಿ ಬಂಡವಾಳ ಎಲ್ಲವೂ ರಫ್ತಿಗಾಗಿ ಬರುವುದಿಲ್ಲ. ನಮಗೇ ಮಾರಲು ಬರುವ ಬಂಡವಾಳ ಒಂದು, ಇಲ್ಲಿಂದ ಹೊರಗೆ ಮಾರಲು ಬರುವುದು ಇನ್ನೊಂದು. ದೂರಸಂಪರ್ಕಕ್ಕೆ ಬಂದದ್ದು ನಮಗೆ ಮಾರಲಿಕ್ಕೇ ಬಂದದ್ದು. 2020ರಲ್ಲಿ ಜಿಯೋ ವೇದಿಕೆಯಲ್ಲಿ ಫೇಸ್‌ಬುಕ್ ಹಾಕಿದ 43,574 ಕೋಟಿ ರೂಪಾಯಿ ಆ ಬಗೆಯದು. ಅಂಥ ಹಣದಿಂದ ಟವರು, ತಂತಿ ಹರಡಿ ರಫ್ತಿಗೆ ಬಳಸುದಾರಿಯಲ್ಲಿ ನೆರವಾಗುತ್ತದೆ, ನೇರವಾಗಿ ಅಲ್ಲ. ಇನ್ನು, 2024-25ರಲ್ಲಿ ದೇಶಕ್ಕೆ ಒಟ್ಟು 81 ಬಿಲಿಯನ್ ಡಾಲರ್ ವಿದೇಶಿ ನೇರ ಹೂಡಿಕೆ ಬಂತು ಎಂಬ ಸುದ್ದಿ ಓದಿರುತ್ತೀರಿ. ಹಿಂದೆ ಬಂದವರು ವಾಪಸ್ ಒಯ್ದದ್ದನ್ನೂ ನಮ್ಮವರು ಹೊರಗೆ ಹೂಡಿದ್ದನ್ನೂ ಕಳೆದರೆ ಉಳಿದದ್ದು ಒಂದು ಬಿಲಿಯನ್‌ಗೂ ಕಡಿಮೆ. ಹಾಗಾಗಿ ಬಂದದ್ದನ್ನಷ್ಟೇ ಎಣಿಸಬೇಡಿ, ಇಲ್ಲಿ ಏನು ನಿಂತಿತು ಎಂದು ಕೇಳಿ.

ಶಾಖೆ ಮತ್ತು ತಾಯಿ ಕಂಪನಿಯ ನಡುವಿನ ಲೆಕ್ಕವನ್ನೂ ವಾಣಿಜ್ಯ ವಿದ್ಯಾರ್ಥಿಗಳು ತಿಳಿದಿರಬೇಕು. ಬಹುಪಾಲು ಶಾಖೆಗಳು ತಮ್ಮ ಖರ್ಚಿನ ಮೇಲೆ ಇಂತಿಷ್ಟು ಶೇಕಡಾ ಲಾಭ ಸೇರಿಸಿ ತಾಯಿ ಕಂಪನಿಗೆ ಬಿಲ್ ಹಾಕುತ್ತವೆ. ಇಲ್ಲಿನ ಹುಡುಗಿ ಬರೆದ ಪ್ರೋಗ್ರಾಂ ನೂರು ದೇಶದಲ್ಲಿ ಮಾರಾಟವಾದರೂ ನಮ್ಮ ರಫ್ತಿನ ಲೆಕ್ಕಕ್ಕೆ ಬರುವುದು ಅವಳ ಸಂಬಳ, ಕಟ್ಟಡದ ಬಾಡಿಗೆ, ಕರೆಂಟು, ಮೇಲೊಂದಿಷ್ಟು. ಹಕ್ಕು ತಾಯಿ ಕಂಪನಿಯದು. ಚಿತ್ರದುರ್ಗದ ಕಡೆಯಿಂದ ಬಂದವರು ಜೋಗಿಮಟ್ಟಿಯ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿದ್ದೀರಿ. ಗಾಳಿ ನಮ್ಮದು, ಗುಡ್ಡ ನಮ್ಮದು, ರೆಕ್ಕೆ ತಿರುಗುವುದು ಇಲ್ಲೇ. ಕೆಳಗಿನ ಹಳ್ಳಿಗೆ ಅದರಿಂದ ಕಾಯಂ ಸಂಬಳ ಬರುವುದು ಎಷ್ಟು ಮನೆಗೆ ಎಂದು ಎಣಿಸಿ ನೋಡಿ. ಸೇವಾ ರಫ್ತಿನಲ್ಲೂ ಅಂಥ ಒಂಟಿ ಕಂಬಗಳು ನಿಲ್ಲಬಹುದು. ಸುತ್ತಲಿನ ಸಣ್ಣ ಕಂಪನಿಗಳಿಗೆ ಕೆಲಸ ಹಂಚದ, ಊರಿನ ಕಾಲೇಜಿನ ಜೊತೆ ಮಾತಾಡದ ಶಾಖೆ ಬಂದರೂ ನಮ್ಮ ಹೊಲ ಒಣಗಿಯೇ ಇರುತ್ತದೆ.

ಈಗ ನಮ್ಮೂರಿಗೆ ಬರುತ್ತೇನೆ. ನಮ್ಮ ದೇಶದ ಹೊರಸಂಪರ್ಕ ಹೆಚ್ಚಾಗಿ ಮುಂಬೈ, ಚೆನ್ನೈ ದಡದಲ್ಲಿ ಸಮುದ್ರಕ್ಕೆ ಇಳಿಯುತ್ತದೆ. ಮುಂಬೈ, ಪುಣೆಯಿಂದ ಬೆಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48 ನಮ್ಮ ಮಗ್ಗುಲಲ್ಲೇ ಹಾದುಹೋಗುತ್ತದೆ, ರೈಲು ಹಳಿಯೂ ಊರ ನಡುವೆಯೇ ಇದೆ. ಆ ರಸ್ತೆ ಬದಿಯಲ್ಲಿ 'ಇಲ್ಲಿ ಕೇಬಲ್ ಇದೆ, ಅಗೆಯಬೇಡಿ' ಎಂದು ಬರೆದ ಸಣ್ಣ ಕಲ್ಲುಗಳನ್ನು ನೋಡಿದ್ದೀರಾ? ಅದು ದೊಡ್ಡ ನಾಲೆ. 2011ರಲ್ಲಿ ಒಪ್ಪಿಗೆ ಪಡೆದು ಮುಂದೆ ಭಾರತ್‌ನೆಟ್ ಎನಿಸಿಕೊಂಡ ಯೋಜನೆ ಎರಡೂವರೆ ಲಕ್ಷ ಗ್ರಾಮ ಪಂಚಾಯ್ತಿಗಳಿಗೆ ಫೈಬರ್ ಮುಟ್ಟಿಸುವ ಗುರಿ ಇಟ್ಟುಕೊಂಡಿತು. ಅದು ವಿತರಣಾ ನಾಲೆ. ಪಂಚಾಯ್ತಿ ಕಚೇರಿಯವರೆಗೆ ಬಂದ ಎಳೆ ಎಷ್ಟೋ ಕಡೆ ಕಬ್ಬಿಣದ ಪೆಟ್ಟಿಗೆಯೊಳಗೇ ಕೂತಿದೆ, ಮನೆಗೆ ಹೋಗಿಲ್ಲ. ಅಲ್ಲಿ ಬೇಕಾಗಿರುವುದು ತೂಬು, ಹೊಲಗಾಲುವೆ, ಮತ್ತು ಅವನ್ನು ದಿನಾ ನೋಡಿಕೊಳ್ಳುವ ನೀರುಗಂಟಿ.

ವೇಗ ಎಂದ ಕೂಡಲೇ ಎಲ್ಲರೂ ಡೌನ್‌ಲೋಡ್ ಹೇಳುತ್ತಾರೆ. ಸಿನಿಮಾ ನೋಡುವವರಿಗೆ ಅದು ಸಾಕು. ರಫ್ತು ಮಾಡುವವರು ಕಳಿಸುವವರು, ಅವರಿಗೆ ಅಪ್‌ಲೋಡ್ ಬೇಕು. ಅದಕ್ಕಿಂತ ಹೆಚ್ಚಾಗಿ ಕಡಿಯದ ಸಂಪರ್ಕ ಬೇಕು. 2008ರ ಜನವರಿಯಲ್ಲಿ ಈಜಿಪ್ಟಿನ ಬಳಿ ಸಮುದ್ರದಡಿಯ ಕೇಬಲ್ ತುಂಡಾದಾಗ ಭಾರತದ ಸಂಪರ್ಕಕ್ಕೇ ದೊಡ್ಡ ಪೆಟ್ಟು ಬಿತ್ತು. ಬೇರೆ ಕೇಬಲ್‌ಗಳಿದ್ದವರು ದಾರಿ ಬದಲಿಸಿಕೊಂಡರು. ದೇಶಕ್ಕೆ ನಿಜವಾದದ್ದು ಬೀದಿಗೂ ನಿಜ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈ ಊರಿನಿಂದ ಆಸ್ಟ್ರೇಲಿಯಾದ ಸಣ್ಣ ಅಂಗಡಿಗಳ ಲೆಕ್ಕ ಬರೆಯುತ್ತಾಳೆ. ಬೆಳಗಿನ ಐದಕ್ಕೆ ಅವಳ ದಿನ ಶುರು. ಒಂದು ಕಡಿದರೆ ಇನ್ನೊಂದಿರಲಿ ಎಂದು ಎರಡು ಕಂಪನಿಯ ಸಂಪರ್ಕ ತೆಗೆದುಕೊಂಡಿದ್ದಳು. ಒಂದು ದಿನ ಒಳಚರಂಡಿಗೆ ರಸ್ತೆ ಅಗೆದವರು ಕಂಬ ಕೆಡವಿದರು, ಎರಡೂ ಒಟ್ಟಿಗೆ ಹೋದವು. ಬಿಲ್ಲು ಎರಡಿತ್ತು, ಕಂಬ ಒಂದೇ ಇತ್ತು. ನಾಲ್ಕು ದಿನ ಹರಿಹರದ ಚಿಕ್ಕಮ್ಮನ ಮನೆಗೆ ಹೋಗಿ ಕೆಲಸ ಮಾಡಿದಳು. ರಸ್ತೆ ಅಗೆಯುವ ಇಲಾಖೆ, ತಂತಿ ಎಳೆಯುವ ಕಂಪನಿ, ನಗರಪಾಲಿಕೆ ಒಂದೇ ನಕ್ಷೆ ಇಟ್ಟುಕೊಂಡು ಕೆಲಸ ಮಾಡಿದರೆ ಇದು ತಪ್ಪುತ್ತದೆ. ಇದಕ್ಕೆ ವಿದೇಶಿ ಡಾಲರ್ ಬೇಡ.

ನನ್ನ ಕೋರಿಕೆ ಇಷ್ಟೇ. ನಮ್ಮ ಜಿಲ್ಲೆಗೆ ಒಂದು ದೊಡ್ಡ ಕಂಪನಿ ತನ್ನಿ ಎಂದು ಜನಪ್ರತಿನಿಧಿಗಳಿಗೆ ಮನವಿ ಕೊಡುತ್ತಲೇ ಇರುತ್ತೇವೆ. ಅದರ ಮೊದಲು ಬೇರೆ ಮನವಿ ಕೊಡೋಣ: ಎರಡು ಬೇರೆ ಬೇರೆ ದಾರಿಯಿಂದ ಬರುವ ಫೈಬರ್, ಕೆಲಸದ ಹೊತ್ತಿನಲ್ಲಿ ಹೋಗದ ಕರೆಂಟು, ಐವತ್ತು ಜನ ಕೂತು ಬಾಡಿಗೆಗೆ ಕೆಲಸ ಮಾಡುವಂಥ ಒಂದು ಹಂಚಿಕೆಯ ಕಚೇರಿ. ಇವು ಇದ್ದರೆ ಸಣ್ಣವರು ಇವತ್ತೇ ಶುರು ಮಾಡುತ್ತಾರೆ, ದೊಡ್ಡವರು ಬಂದಾಗ ಸಿದ್ಧವಾಗಿರುತ್ತಾರೆ.

ಪ್ರಶ್ನೋತ್ತರದಲ್ಲಿ ಬಿ.ಕಾಂ. ಹುಡುಗನೊಬ್ಬ ಕೇಳಿದ: "ಸಾರ್, ಈ ಕೆಲಸಗಳನ್ನೆಲ್ಲ ಎಐ ಮಾಡಿಬಿಟ್ಟರೆ ಫೈಬರ್ ಹಾಕಿಸಿ ಏನು ಪ್ರಯೋಜನ?"

ಅವನ ಆತಂಕ ನಿಜವಾದದ್ದು. ಬರೆದ ಉತ್ತರವನ್ನೇ ಓದಿ ಹೇಳುವ ಕಾಲ್ ಸೆಂಟರ್ ಕೆಲಸ, ಒಂದು ಕಡೆಯದನ್ನು ಇನ್ನೊಂದು ಕಡೆ ತುಂಬುವ ಕೆಲಸ ಮೊದಲು ಹೋಗುತ್ತವೆ. ಅದನ್ನೇ ನಂಬಿ ಊರು ಕಟ್ಟಬಾರದು ಅಂದೆ. ಆದರೆ ಲೆಕ್ಕದಲ್ಲಿ ಯಾಕೆ ತಾಳೆಯಾಗುತ್ತಿಲ್ಲ ಎಂದು ಹುಡುಕಿ, ಗಿರಾಕಿಗೆ ಫೋನ್ ಮಾಡಿ ಕೇಳಿ, ಸಹಿ ಹಾಕಿ ಹೊಣೆ ಹೊರುವವರು ಬೇಕೇ ಬೇಕು. ಎಐ ಬಳಸುವುದಕ್ಕೂ ಸಂಪರ್ಕ ಬೇಕು, ಅದೂ ಇದಕ್ಕಿಂತ ಗಟ್ಟಿಯಾದದ್ದು.

ಹಿಂದಿನ ಸಾಲಿನ ಹೆಣ್ಣುಮಗಳೊಬ್ಬಳು ತೆರಿಗೆಯ ಬಗ್ಗೆ ಕೇಳಿದಳು. ಜಿಎಸ್‌ಟಿಯಲ್ಲಿ ಸೇವಾ ರಫ್ತಿಗೆ ಶೂನ್ಯ ದರ. ನೋಂದಣಿ ಇರುವವರು ಪ್ರತಿ ಆರ್ಥಿಕ ವರ್ಷ ಎಲ್‌ಯುಟಿ ಎಂಬ ಮುಚ್ಚಳಿಕೆಯನ್ನು ಆನ್‌ಲೈನಿನಲ್ಲೇ ಸಲ್ಲಿಸಿದರೆ ತೆರಿಗೆ ಕಟ್ಟದೆ ಬಿಲ್ ಮಾಡಬಹುದು. ಹಣ ಬ್ಯಾಂಕಿನ ಮೂಲಕ ವಿದೇಶಿ ಹಣದಲ್ಲಿ ಬಂದದ್ದಕ್ಕೆ ದಾಖಲೆ ಇಟ್ಟುಕೊಳ್ಳಬೇಕು. ಇದನ್ನು ಇಲ್ಲೇ ಒಂದು ಶನಿವಾರ ಮಾಡಿ ತೋರಿಸುತ್ತೇನೆ ಎಂದು ಒಪ್ಪಿಕೊಂಡು ಬಂದಿದ್ದೇನೆ.

ಆ ಹಳೆಯ ವಿದ್ಯಾರ್ಥಿನಿಯೂ ಅಂದು ಸಭೆಯಲ್ಲಿದ್ದಳು. ಎರಡು ಮಾತಾಡು ತಾಯಿ ಎಂದೆ. ಮೈಕ್ ಹಿಡಿದು ಅವಳು ಹೇಳಿದ್ದು: "ನನ್ನ ಗಿರಾಕಿ ನಾಲ್ಕು ವರ್ಷದಲ್ಲಿ ಒಮ್ಮೆಯೂ ನಿಮ್ಮದು ಯಾವ ಊರು ಅಂತ ಕೇಳಿಲ್ಲ. ಕರೆಂಟ್ ಹೋದರೆ ಏನು ಮಾಡ್ತೀರಿ, ಲೈನ್ ಕಡಿದರೆ ಏನು ಮಾಡ್ತೀರಿ, ನಮ್ಮ ಫೈಲ್ ಬೇರೆಯವರ ಕೈಗೆ ಸಿಗದ ಹಾಗೆ ಹೇಗೆ ಇಡ್ತೀರಿ, ಈ ಮೂರೇ ಕೇಳಿದ್ದು. ಈಗ ಎರಡನೇ ಲೈನನ್ನು ಹಿಂದಿನ ರಸ್ತೆಯ ಕಂಬದಿಂದ ತರಿಸಿಕೊಂಡಿದ್ದೀನಿ. ಕೆಲಸ ಜಾಸ್ತಿಯಾಗಿ ಇಬ್ಬರನ್ನು ಸೇರಿಸಿಕೊಂಡೆ. ಇನ್ನೊಬ್ಬರು ಬೇಕು. ಬೆಳಿಗ್ಗೆ ಐದಕ್ಕೆ ಎದ್ದು ಬರೋರು ಯಾರಾದರೂ ಇದ್ದರೆ ಆಮೇಲೆ ಸಿಗಿ."

ಸಭೆ ಮುಗಿದ ಮೇಲೆ ನಾನು ಚಹಾ ಕುಡಿದು ಹೊರಗೆ ಬರುವಾಗ ಅವಳ ಸುತ್ತ ಏಳೆಂಟು ಜನ ನಿಂತಿದ್ದರು.